ಬೆಳಕಿನ ವಿಜ್ಞಾನಿ ಇಬ್ನುಲ್ ಹೈಸಮ್

ನಿಮ್ಮ ಮನೆಯ ಮೊಬೈಲ್ ಫೋನನ್ನು ಒಮ್ಮೆ ತಿರುಗಿಸಿ ನೋಡಿ. ಅದರ ಹಿಂಬದಿಯಲ್ಲಿ ಕಡಲೆಕಾಳಿನಷ್ಟು ಚಿಕ್ಕದಾದ ಗಾಜಿನ ಕಣ್ಣೊಂದಿದೆ. ಮನೆಯ ಮಾಡಿನ ಮೇಲೆ ಟಿ.ವಿ.ಗಾಗಿ ಕೂರಿಸಿದ ಬೋಗುಣಿಯಂತಹ ಆಂಟೆನಾ ಇದೆ. ಅಜ್ಜಿಯ ಮೂಗಿನ ಮೇಲೆ ಕನ್ನಡಕವಿದೆ. ಘಾಟಿ ರಸ್ತೆಯ ತಿರುವಿನಲ್ಲಿ ಉಬ್ಬುಗನ್ನಡಿ ನಿಂತಿದೆ. ನೆಲದಡಿಯಲ್ಲಿ ಹಾಯ್ದು ಬಂದ ಕೂದಲೆಳೆಯಂತಹ ಗಾಜಿನ ತಂತು ನಿಮ್ಮ ಊರಿಗೆ ಇಂಟರ್‌ನೆಟ್ ತರುತ್ತಿದೆ. ಇವೆಲ್ಲ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದೇಶಗಳಲ್ಲಿ ರೂಪುಗೊಂಡ ವಸ್ತುಗಳು. ಆದರೆ ಇವುಗಳ ಒಳಗೆ ದುಡಿಯುತ್ತಿರುವುದು ಕೆಲವೇ ನಿಯಮಗಳು. ಬೆಳಕು ನೇರ ದಾರಿಯಲ್ಲಿ ಸಾಗುತ್ತದೆ. ನುಣುಪಾದ ಮೇಲ್ಮೈಗೆ ತಾಗಿದರೆ ಬಂದ ಕೋನದಲ್ಲೇ ಹಿಂದಿರುಗುತ್ತದೆ. ಗಾಳಿಯಿಂದ ನೀರಿಗೋ ಗಾಜಿಗೋ ಓರೆಯಾಗಿ ಪ್ರವೇಶಿಸುವಾಗ ಬಾಗುತ್ತದೆ.

ಈ ನಿಯಮಗಳಲ್ಲಿ ಕೆಲವು ಪ್ರಾಚೀನ ಗ್ರೀಕರಿಗೂ ತಿಳಿದಿದ್ದವು. ಆದರೆ ಒಂದೊಂದನ್ನೂ ಉಪಕರಣವಿಟ್ಟು ಪರೀಕ್ಷಿಸಿ, ಕಣ್ಣು, ಬೆಳಕು ಮತ್ತು ಗಣಿತ ಮೂರನ್ನೂ ಒಂದೇ ಶಾಸ್ತ್ರವಾಗಿ ಕಟ್ಟಿದವರು ಸುಮಾರು ಸಾವಿರ ವರ್ಷಗಳ ಹಿಂದೆ ಬದುಕಿದ್ದ ಒಬ್ಬ ಮುಸ್ಲಿಂ ವಿದ್ವಾಂಸರು. ಅವರೇ ಅಬೂ ಅಲೀ ಅಲ್-ಹಸನ್ ಇಬ್ನುಲ್ ಹೈಸಮ್. ಯುರೋಪಿನವರು ಅವರ ‘ಅಲ್-ಹಸನ್’ ಎಂಬ ಹೆಸರನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು ‘ಅಲ್‌ಹಜೆನ್’ ಎಂದು ಕರೆದರು. ಅವರ ಹೆಸರನ್ನು ನಾವು ಭಾಷಣಗಳಲ್ಲಿ ಆಗಾಗ ಕೇಳುತ್ತೇವೆ. ಅವರು ಮಾಡಿದ್ದೇನು, ಹೇಗೆ ಮಾಡಿದರು ಎಂಬುದನ್ನು ಕೇಳುವುದು ಅಪರೂಪ. ಆ ಕಥೆಯನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಬಸ್ರಾದಿಂದ ಕೈರೋಗೆ

ಇಬ್ನುಲ್ ಹೈಸಮ್ ಅವರು ಹಿಜರಿ 354ರ ಸುಮಾರಿಗೆ, ಅಂದರೆ ಕ್ರಿ.ಶ. 965ರ ಆಸುಪಾಸಿನಲ್ಲಿ ಇಂದಿನ ಇರಾಕಿನ ಬಸ್ರಾದಲ್ಲಿ ಜನಿಸಿದರು. ಬಸ್ರಾ ಆಗ ವ್ಯಾಪಾರಕ್ಕೂ ವಿದ್ಯೆಗೂ ಹೆಸರಾದ ಬಂದರು ನಗರ. ಯೂಕ್ಲಿಡ್‌ನ ರೇಖಾಗಣಿತ, ಟಾಲೆಮಿಯ ಖಗೋಳಶಾಸ್ತ್ರ, ಅರಿಸ್ಟಾಟಲ್‌ನ ತತ್ವಶಾಸ್ತ್ರ, ಗ್ಯಾಲೆನ್‌ನ ವೈದ್ಯಶಾಸ್ತ್ರ ಎಲ್ಲವೂ ಅಷ್ಟರೊಳಗೆ ಅರಬಿ ಭಾಷೆಗೆ ಅನುವಾದಗೊಂಡಿದ್ದವು. ಈ ಗ್ರಂಥಗಳನ್ನೆಲ್ಲ ಅವರು ಆಳವಾಗಿ ಅಭ್ಯಸಿಸಿದರು. ಸ್ವಲ್ಪ ಕಾಲ ಸರಕಾರಿ ಹುದ್ದೆಯನ್ನೂ ನಿರ್ವಹಿಸಿದರೆಂದು ಹಳೆಯ ಚರಿತ್ರೆಕಾರರು ಹೇಳುತ್ತಾರೆ. ಆದರೆ ಅವರ ಮನಸ್ಸು ನೆಲೆಸಿದ್ದು ಗಣಿತದಲ್ಲಿ ಮತ್ತು ಪ್ರಕೃತಿಯ ಅಧ್ಯಯನದಲ್ಲಿ.

ಅವರ ಜೀವನದ ದೊಡ್ಡ ತಿರುವಿಗೆ ಕಾರಣವಾದದ್ದು ನೈಲ್ ನದಿ. ನೈಲ್ ಒಂದು ವರ್ಷ ಉಕ್ಕಿ ಹರಿದು ಊರುಗಳನ್ನು ಮುಳುಗಿಸುತ್ತಿತ್ತು. ಇನ್ನೊಂದು ವರ್ಷ ನೀರಿಲ್ಲದೆ ಈಜಿಪ್ಟಿನ ಜನ ಬರದಿಂದ ನರಳುತ್ತಿದ್ದರು. ಅಣೆಕಟ್ಟು ಕಟ್ಟಿ ಈ ನದಿಯನ್ನು ಹದಕ್ಕೆ ತರಬಹುದೆಂದು ಇಬ್ನುಲ್ ಹೈಸಮ್ ಹೇಳಿದ್ದರು. ಚರಿತ್ರೆಕಾರ ಇಬ್ನುಲ್ ಕಿಫ್ತಿ ಬರೆದಿರುವಂತೆ, ಈ ಮಾತು ಈಜಿಪ್ಟನ್ನು ಆಳುತ್ತಿದ್ದ ಫಾತಿಮೀ ಖಲೀಫ ಅಲ್-ಹಾಕಿಮ್‌ನ ಕಿವಿಗೆ ಬಿತ್ತು. ಖಲೀಫ ಅವರನ್ನು ಕರೆಸಿಕೊಂಡು, ಕೈರೋದ ಹೊರವಲಯಕ್ಕೆ ತಾನೇ ಬಂದು ಎದುರುಗೊಂಡು, ಕೆಲಸಗಾರರನ್ನು ಕೊಟ್ಟು ದಕ್ಷಿಣಕ್ಕೆ ಕಳುಹಿಸಿದ.

ಇಬ್ನುಲ್ ಹೈಸಮ್ ನದಿಯ ದಡದುದ್ದಕ್ಕೂ ಪ್ರಯಾಣಿಸಿದರು. ದಾರಿಯಲ್ಲಿ ಪ್ರಾಚೀನ ಈಜಿಪ್ಟಿನವರ ಬೃಹತ್ ಕಟ್ಟಡಗಳನ್ನು ಕಂಡರು. ಅವುಗಳ ಅಳತೆಯ ನಿಖರತೆ, ಕೆತ್ತನೆಯ ಕೌಶಲ ಅವರನ್ನು ಯೋಚನೆಗೆ ಹಚ್ಚಿತು. ಇಷ್ಟು ಬಲ್ಲವರಿಗೆ ಈ ನದಿಯನ್ನು ತಡೆಯುವುದು ಸಾಧ್ಯವಿದ್ದರೆ ಅವರು ಸುಮ್ಮನಿರುತ್ತಿದ್ದರೇ ಎಂಬ ಪ್ರಶ್ನೆ ಎದ್ದಿತು. ಅಸ್ವಾನಿನ ಬಳಿ ಬಂಡೆಗಳ ನಡುವೆ ನದಿ ಇಳಿಯುವ ಸ್ಥಳವನ್ನು ಕಣ್ಣಾರೆ ಪರಿಶೀಲಿಸಿದ ಮೇಲೆ ಅನುಮಾನ ಉಳಿಯಲಿಲ್ಲ. ಆಗಿನ ಕಾಲದ ಸಾಧನಗಳಿಂದ ಅಲ್ಲಿ ಅಣೆಕಟ್ಟು ಕಟ್ಟುವುದು ಆಗದ ಕೆಲಸ. ಅವರು ಹಿಂದಿರುಗಿ ಬಂದು ತಮ್ಮ ಯೋಜನೆ ಕೈಗೂಡದೆಂದು ಖಲೀಫನ ಮುಂದೆ ಒಪ್ಪಿಕೊಂಡರು. ಅಸ್ವಾನ್ ಭಾಗದಲ್ಲಿ ನೈಲನ್ನು ನಿಜಕ್ಕೂ ಹದಕ್ಕೆ ತಂದ ಬೃಹತ್ ಅಣೆಕಟ್ಟಿನ ಕೆಲಸ ಆರಂಭವಾದದ್ದು 1960ರಲ್ಲಿ, ಮುಗಿದದ್ದು 1970ರಲ್ಲಿ. ಅಂದರೆ ಅವರ ಕಾಲಕ್ಕೂ ಆ ಅಣೆಕಟ್ಟಿಗೂ ನಡುವೆ ಒಂಬೈನೂರಕ್ಕೂ ಹೆಚ್ಚು ವರ್ಷಗಳ ಅಂತರವಿದೆ.

ಅಲ್-ಹಾಕಿಮ್ ಮುಂಗೋಪಕ್ಕೆ ಹೆಸರಾದ ಆಡಳಿತಗಾರ. ಅವನು ಕೊಟ್ಟ ಹುದ್ದೆಯಲ್ಲಿ ಇರುವುದೂ ಅಪಾಯ, ಬಿಡುವುದೂ ಅಪಾಯ. ಇಬ್ನುಲ್ ಕಿಫ್ತಿಯ ಪ್ರಕಾರ ಇಬ್ನುಲ್ ಹೈಸಮ್ ಬುದ್ಧಿಭ್ರಮಣೆಯಾದವರಂತೆ ನಟಿಸಿದರು. ಅವರ ಸೊತ್ತನ್ನು ವಶಪಡಿಸಿಕೊಂಡು ಅವರನ್ನು ಮನೆಯೊಳಗೇ ಬಂಧನದಲ್ಲಿ ಇರಿಸಲಾಯಿತು. 1021ರಲ್ಲಿ ಖಲೀಫನ ಆಳ್ವಿಕೆ ಕೊನೆಗೊಳ್ಳುವವರೆಗೂ ಅವರು ಹಾಗೆಯೇ ಇದ್ದರು.

ಆ ಬಳಿಕ ಅವರು ಯಾವ ಅರಮನೆಯನ್ನೂ ಅರಸಲಿಲ್ಲ. ಅಲ್-ಅಝ್‌ಹರ್ ಮಸೀದಿಯ ಬಾಗಿಲ ಬಳಿಯ ಚಿಕ್ಕ ವಾಸಸ್ಥಾನವೊಂದರಲ್ಲಿ ನೆಲೆಸಿದರು. ವರ್ಷಕ್ಕೊಮ್ಮೆ ಯೂಕ್ಲಿಡ್ ಮತ್ತು ಟಾಲೆಮಿಯ ಗ್ರಂಥಗಳನ್ನು ಸುಂದರ ಅಕ್ಷರಗಳಲ್ಲಿ ನಕಲು ಮಾಡಿ ಮಾರುತ್ತಿದ್ದರು. ಅದರಿಂದ ಬರುತ್ತಿದ್ದ 150 ಈಜಿಪ್ಟಿನ ದಿನಾರುಗಳೇ ಅವರ ಇಡೀ ವರ್ಷದ ಜೀವನೋಪಾಯ. ಉಳಿದ ಸಮಯವೆಲ್ಲ ಸಂಶೋಧನೆಗೆ, ಬರವಣಿಗೆಗೆ ಮೀಸಲು. ಹಿಜರಿ 430ರ ಸುಮಾರಿಗೆ, ಅಂದರೆ ಕ್ರಿ.ಶ. 1040ರ ಆಸುಪಾಸಿನಲ್ಲಿ ಅವರು ಕೈರೋದಲ್ಲಿ ನಿಧನರಾದರು. ಹಳೆಯ ಪಟ್ಟಿಗಳಲ್ಲಿ ಅವರ ಹೆಸರಿನಲ್ಲಿ 90ಕ್ಕೂ ಹೆಚ್ಚು ಕೃತಿಗಳಿವೆ. ಅವುಗಳಲ್ಲಿ ಪ್ರಮುಖವಾದದ್ದು ‘ಕಿತಾಬುಲ್ ಮನಾಝಿರ್’, ಅಂದರೆ ದೃಗ್ವಿಜ್ಞಾನದ ಗ್ರಂಥ. ಅದು ಏಳು ಭಾಗಗಳಲ್ಲಿದೆ.

ನಾವು ನೋಡುವುದು ಹೇಗೆ?

ಈಗ ಅವರ ವಿಜ್ಞಾನಕ್ಕೆ ಬರೋಣ. ನಾವು ಒಂದು ವಸ್ತುವನ್ನು ನೋಡುವುದು ಹೇಗೆ ಎಂಬ ಪ್ರಶ್ನೆಗೆ ಅವರಿಗಿಂತ ಮುಂಚೆ ಎರಡು ಉತ್ತರಗಳಿದ್ದವು. ಕಣ್ಣಿನಿಂದಲೇ ಕಿರಣಗಳು ಹೊರಟು ವಸ್ತುವನ್ನು ತಾಗುತ್ತವೆ ಎಂಬುದು ಯೂಕ್ಲಿಡ್ ಮತ್ತು ಟಾಲೆಮಿಯ ಪಂಥ. ವಸ್ತುವಿನಿಂದಲೇ ಏನೋ ಒಂದು ಕಣ್ಣಿಗೆ ಬರುತ್ತದೆ ಎಂಬುದು ಅರಿಸ್ಟಾಟಲ್‌ನ ಪಂಥ. ಮೊದಲನೆಯವರ ಬಳಿ ಗಣಿತವಿತ್ತು. ಎರಡನೆಯವರ ಬಳಿ ಗಣಿತವಿರಲಿಲ್ಲ.

ಇಬ್ನುಲ್ ಹೈಸಮ್ ಯಾರ ಹೆಸರು ದೊಡ್ಡದೆಂದು ನೋಡಲಿಲ್ಲ. ಪ್ರಖರ ಸೂರ್ಯನನ್ನು ನೋಡಿದರೆ ಕಣ್ಣು ನೋಯುತ್ತದೆ. ತುಂಬ ಬೆಳಕಿನ ವಸ್ತುವನ್ನು ದಿಟ್ಟಿಸಿ ಕಣ್ಣು ಮುಚ್ಚಿದರೆ ಅದರ ಛಾಯೆ ಸ್ವಲ್ಪ ಹೊತ್ತು ಉಳಿಯುತ್ತದೆ. ಬೆಳಕು ಹೊರಗಿನಿಂದ ಬಂದು ಕಣ್ಣಿನ ಮೇಲೆ ಪರಿಣಾಮ ಮಾಡದಿದ್ದರೆ ಹೀಗಾಗುವುದಿಲ್ಲ. ಆದ್ದರಿಂದ ವಸ್ತುವಿನ ಪ್ರತಿಯೊಂದು ಬಿಂದುವಿನಿಂದಲೂ ಬೆಳಕು ಎಲ್ಲ ದಿಕ್ಕುಗಳಿಗೆ ನೇರ ರೇಖೆಗಳಲ್ಲಿ ಹರಡುತ್ತದೆ, ಅದರಲ್ಲಿ ಕಣ್ಣಿಗೆ ಬಂದ ಭಾಗದಿಂದ ನಾವು ನೋಡುತ್ತೇವೆ ಎಂದು ಅವರು ಸ್ಥಾಪಿಸಿದರು. ಯೂಕ್ಲಿಡ್‌ನ ಗಣಿತವನ್ನು ಉಳಿಸಿಕೊಂಡು ಕಿರಣಗಳ ದಿಕ್ಕನ್ನು ಮಾತ್ರ ತಿರುಗಿಸಿದರು.

ನೋಡುವುದರಲ್ಲಿ ಮನಸ್ಸಿನ ಪಾತ್ರವನ್ನೂ ಅವರು ಗುರುತಿಸಿದರು. ಹುಣ್ಣಿಮೆಯ ಚಂದ್ರ ಹುಟ್ಟುವಾಗ ದೊಡ್ಡದಾಗಿಯೂ ನೆತ್ತಿಗೆ ಬಂದಾಗ ಚಿಕ್ಕದಾಗಿಯೂ ಕಾಣುವುದನ್ನು ನೀವು ಗಮನಿಸಿರಬಹುದು. ಕೈ ಚಾಚಿ ಕಿರುಬೆರಳಿನ ಉಗುರಿನಿಂದ ಚಂದ್ರನನ್ನು ಮುಚ್ಚಿ ನೋಡಿ. ಎರಡೂ ಹೊತ್ತಿನಲ್ಲಿ ಅದೇ ಉಗುರು ಸಾಕಾಗುತ್ತದೆ. ಹಾಗಾದರೆ ವ್ಯತ್ಯಾಸ ಆಕಾಶದಲ್ಲಿಲ್ಲ. ದೂರವನ್ನು ನಮ್ಮ ಮನಸ್ಸು ಅಂದಾಜಿಸುವ ರೀತಿಯಲ್ಲಿದೆ ಎಂದು ಅವರು ವಿವರಿಸಿದರು.

ಕತ್ತಲೆ ಕೋಣೆ ಮತ್ತು ಕ್ಯಾಮರಾ

ಬೆಳಕು ನೇರವಾಗಿ ಸಾಗುತ್ತದೆ ಎಂಬುದನ್ನು ಸಾಬೀತುಪಡಿಸಲು ಅವರು ಮಾಡಿದ ಪ್ರಯೋಗ ಬಹಳ ಸರಳ. ಕತ್ತಲೆ ಕೋಣೆಯ ಕಿಂಡಿಯೊಂದರ ಹೊರಗೆ ಬೇರೆ ಬೇರೆ ಜಾಗಗಳಲ್ಲಿ ಹಲವು ದೀಪಗಳನ್ನು ಇರಿಸಿದರು. ಒಳಗಿನ ಗೋಡೆಯ ಮೇಲೆ ದೀಪಗಳಷ್ಟೇ ಸಂಖ್ಯೆಯ ಬೆಳಕಿನ ಚುಕ್ಕೆಗಳು ಬಿದ್ದವು. ಒಂದು ದೀಪವನ್ನು ಮರೆ ಮಾಡಿದರೆ ಅದಕ್ಕೆ ನೇರವಾದ ಚುಕ್ಕೆ ಮಾತ್ರ ಮಾಯ, ಉಳಿದವು ಇದ್ದಂತೆಯೇ. ಅಂದರೆ ಎಲ್ಲ ದೀಪಗಳ ಬೆಳಕು ಒಂದೇ ಚಿಕ್ಕ ಕಿಂಡಿಯಲ್ಲಿ ಹಾಯ್ದರೂ ಒಂದರೊಡನೊಂದು ಬೆರೆಯದೆ ತನ್ನ ತನ್ನ ದಾರಿಯಲ್ಲೇ ಹೋಗುತ್ತದೆ.

ಸೂರ್ಯಗ್ರಹಣದ ಆಕಾರವನ್ನು ಕುರಿತು ಅವರು ಪ್ರತ್ಯೇಕ ಪ್ರಬಂಧವನ್ನೇ ಬರೆದರು. ಗ್ರಹಣದ ವೇಳೆ ಸಣ್ಣ ರಂಧ್ರದ ಮೂಲಕ ಬಿದ್ದ ಬೆಳಕು ಬಾಲಚಂದ್ರನ ಆಕಾರದಲ್ಲಿರುತ್ತದೆ, ರಂಧ್ರವನ್ನು ದೊಡ್ಡದು ಮಾಡಿದರೆ ಆ ಆಕಾರ ಅಳಿಸಿಹೋಗುತ್ತದೆ ಎಂದು ಅವರು ಕಾರಣಸಹಿತ ತೋರಿಸಿದರು. 2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗು ಭಾಗಗಳಲ್ಲಿ ಕಂಕಣ ಸೂರ್ಯಗ್ರಹಣ ಸಂಭವಿಸಿದಾಗ ಮರದ ಎಲೆಗಳ ಸಂದಿನಿಂದ ಅಂಗಳಕ್ಕೆ ಬಿದ್ದ ಬೆಳಕಿನ ಚುಕ್ಕೆಗಳು ಉಂಗುರದ ರೂಪ ತಾಳಿದ್ದಕ್ಕೂ ಇದೇ ಕಾರಣ.

ಕತ್ತಲೆ ಪೆಟ್ಟಿಗೆ, ಚಿಕ್ಕ ರಂಧ್ರ, ಎದುರಿನ ಪರದೆ. ಇಷ್ಟೇ ಸೂಜಿರಂಧ್ರ ಕ್ಯಾಮರಾ. ಚಿತ್ರ ಹೆಚ್ಚು ಬೆಳಕಿನಿಂದ ಕೂಡಿರಲೆಂದು ರಂಧ್ರದಲ್ಲಿ ಮಸೂರ ಬಂತು. ಚಿತ್ರ ಉಳಿಯಲೆಂದು 19ನೇ ಶತಮಾನದಲ್ಲಿ ಪರದೆಯ ಜಾಗಕ್ಕೆ ರಾಸಾಯನಿಕ ಲೇಪಿಸಿದ ಫಲಕ, ನಂತರ ಫಿಲ್ಮ್ ಬಂದವು. ಇಂದಿನ ಮೊಬೈಲಿನಲ್ಲಿ ಫಿಲ್ಮಿನ ಬದಲು ಸಿಲಿಕಾನ್ ಚಿಪ್ ಇದೆ. ಬೆಳಕು ಅದರ ಮೇಲೆ ಬಿದ್ದಾಗ ಎಲೆಕ್ಟ್ರಾನುಗಳು ಬಿಡುಗಡೆಯಾಗಿ ವಿದ್ಯುತ್ ಸಂಕೇತವಾಗುತ್ತದೆ. ಬೆಳಕು ಎಲೆಕ್ಟ್ರಾನುಗಳ ಮೇಲೆ ಹೀಗೆ ವರ್ತಿಸುವುದನ್ನು ಅರ್ಥಮಾಡಿಕೊಳ್ಳಲು 1905ರಲ್ಲಿ ಐನ್‌ಸ್ಟೈನ್ ದಾರಿ ತೋರಿಸಬೇಕಾಯಿತು. ಇಬ್ನುಲ್ ಹೈಸಮ್ ಕ್ಯಾಮರಾ ತಯಾರಿಸಿದರೆಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ. ಕ್ಯಾಮರಾ ಯಾವ ತತ್ವದ ಮೇಲೆ ನಿಂತಿದೆಯೋ ಅದನ್ನು ಅವರು ಪ್ರಯೋಗದಿಂದ ದೃಢಪಡಿಸಿದರು. ವಸ್ತುಗಳು ಹಳತಾಗಿ ಮೂಲೆ ಸೇರುತ್ತವೆ, ತತ್ವ ಹಳತಾಗುವುದಿಲ್ಲ.

ಕನ್ನಡಿಯಿಂದ ಆಂಟೆನಾದವರೆಗೆ

ಕನ್ನಡಿಗಳ ವಿಷಯದಲ್ಲೂ ಅವರ ಕೊಡುಗೆ ದೊಡ್ಡದು. ಗೋಳಾಕಾರದ ಕನ್ನಡಿಯ ಎದುರು ಒಂದು ಕಡೆ ದೀಪ, ಇನ್ನೊಂದು ಕಡೆ ಕಣ್ಣು ಇದ್ದರೆ ಬೆಳಕು ಕನ್ನಡಿಯ ಯಾವ ಬಿಂದುವಿನಲ್ಲಿ ಪ್ರತಿಫಲಿಸಿ ಕಣ್ಣನ್ನು ಸೇರುತ್ತದೆ? ಕೇಳಲು ಸುಲಭ, ಬಿಡಿಸಲು ಕಠಿಣ. ಬೀಜಗಣಿತದಲ್ಲಿ ಬರೆದರೆ ಇದು ನಾಲ್ಕನೇ ಘಾತದ ಸಮೀಕರಣವಾಗುತ್ತದೆ. ಇಬ್ನುಲ್ ಹೈಸಮ್ ಇದನ್ನು ಶಂಕುಚ್ಛೇದಗಳ ಸಹಾಯದಿಂದ ರೇಖಾಗಣಿತದಲ್ಲಿ ಬಿಡಿಸಿದರು. ಇಂದಿಗೂ ಗಣಿತದ ಪುಸ್ತಕಗಳಲ್ಲಿ ಇದಕ್ಕೆ ‘ಅಲ್‌ಹಜೆನ್ ಸಮಸ್ಯೆ’ ಎಂದೇ ಹೆಸರು. 17ನೇ ಶತಮಾನದಲ್ಲಿ ಹೈಗೆನ್ಸ್‌ನಂತಹ ಮೇಧಾವಿಯೂ ಇದರ ಮೇಲೆ ಕೆಲಸ ಮಾಡಿದ. ಬೈಕಿನ ಕನ್ನಡಿಯಲ್ಲಿ, ಘಾಟಿಯ ಉಬ್ಬುಗನ್ನಡಿಯಲ್ಲಿ ಎದುರಿನ ಬಸ್ಸು ಚಿಕ್ಕದಾಗಿ ಕಾಣುವಾಗ ಇದೇ ಗಣಿತ ಅಲ್ಲಿ ನಡೆಯುತ್ತಿರುತ್ತದೆ.

ಸೂರ್ಯನ ಶಾಖವನ್ನು ಒಂದೆಡೆ ಸೇರಿಸುವ ದಹನ ದರ್ಪಣಗಳ ಬಗ್ಗೆಯೂ ಅವರು ಬರೆದಿದ್ದಾರೆ. ಪರವಲಯದ ಆಕಾರದಲ್ಲಿ ಮಾಡಿದ ಕನ್ನಡಿಗೆ ಒಂದು ವಿಶೇಷ ಗುಣವಿದೆ. ಅದರ ಅಕ್ಷಕ್ಕೆ ಸಮಾನಾಂತರವಾಗಿ ಬರುವ ಎಲ್ಲ ಕಿರಣಗಳೂ ಪ್ರತಿಫಲಿಸಿ ಒಂದೇ ಬಿಂದುವಿಗೆ ಸೇರುತ್ತವೆ. ಗೋಳಾಕಾರದ ಕನ್ನಡಿಯಲ್ಲಿ ಹೀಗೆ ನಿಖರವಾಗಿ ಸೇರುವುದಿಲ್ಲ. ಈ ಗುಣ ಗ್ರೀಕರಿಗೂ ತಿಳಿದಿತ್ತು. ಇಬ್ನುಲ್ ಹೈಸಮ್ ಅದಕ್ಕೆ ಪೂರ್ಣವಾದ ಸಾಧನೆಯನ್ನು ಒದಗಿಸಿದರು.

ಈಗ ನಿಮ್ಮ ಮಾಡಿನ ಮೇಲಿನ ಆಂಟೆನಾವನ್ನು ನೋಡಿ. ಅದು ಪರವಲಯ ಮೇಲ್ಮೈಯ ಒಂದು ತುಂಡು. ಉಪಗ್ರಹದಿಂದ ಬರುವ ರೇಡಿಯೋ ತರಂಗಗಳು ಅದಕ್ಕೆ ತಾಗಿ, ಮುಂದಕ್ಕೆ ಚಾಚಿದ ಕೋಲಿನ ತುದಿಯಲ್ಲಿರುವ ಪುಟ್ಟ ಪೆಟ್ಟಿಗೆಯ ಬಳಿ ಒಂದುಗೂಡುತ್ತವೆ. ರೇಡಿಯೋ ತರಂಗವೂ ಬೆಳಕಿನ ಬಂಧುವೇ; ಅದೇ ನಿಯಮವನ್ನು ಪಾಲಿಸುತ್ತದೆ. ಬೆಂಗಳೂರಿನ ಹತ್ತಿರ ಬ್ಯಾಲಾಳುವಿನಲ್ಲಿ ಇಸ್ರೋ ಸಂಸ್ಥೆಯ 32 ಮೀಟರ್ ವ್ಯಾಸದ ಆಂಟೆನಾ ಇದೆ. 2008ರಲ್ಲಿ ಚಂದ್ರಯಾನ-1 ಚಂದ್ರನ ಬಳಿಯಿಂದ ಕಳುಹಿಸಿದ ಕ್ಷೀಣ ಸಂಕೇತಗಳನ್ನು ಹಿಡಿದದ್ದು ಇದರಿಂದಲೇ. ಬಿಸಿಲಿನಲ್ಲಿ ಅನ್ನ ಬೇಯಿಸುವ ಸೌರ ಒಲೆಯ ಬೋಗುಣಿಯೂ ಅದೇ ಆಕಾರದ್ದು. ಟಾರ್ಚಿನಲ್ಲಿ ಇದೇ ಕ್ರಮ ತಿರುವುಮುರುವಾಗುತ್ತದೆ. ನಡುವಿನ ದೀಪದಿಂದ ಹೊರಟ ಬೆಳಕು ಹೊಳಪಿನ ಬಟ್ಟಲಿಗೆ ತಾಗಿ ನೇರ ಕೋಲಾಗಿ ಹೊರಡುತ್ತದೆ.

ಬಾಗುವ ಬೆಳಕು

ನೀರಿನ ಲೋಟದಲ್ಲಿ ಇಟ್ಟ ಚಮಚ ಮುರಿದಂತೆ ಕಾಣುತ್ತದೆ. ಇದೇ ವಕ್ರೀಭವನ. ಇದನ್ನು ಅಳೆಯಲು ಇಬ್ನುಲ್ ಹೈಸಮ್ ಅಂಚಿನಲ್ಲಿ ಡಿಗ್ರಿಗಳನ್ನು ಗುರುತಿಸಿದ ದುಂಡಗಿನ ಲೋಹದ ಉಪಕರಣವನ್ನು ಬಳಸಿದರು. ಅದನ್ನು ನೀರಿನ ಪಾತ್ರೆಯಲ್ಲಿರಿಸಿ, ರಂಧ್ರದ ಮೂಲಕ ಬೆಳಕು ಹಾಯಿಸಿ, ಕಿರಣ ಎಷ್ಟು ಬಾಗುತ್ತದೆಂದು ಪರೀಕ್ಷಿಸುವ ವಿಧಾನವನ್ನು ವಿವರವಾಗಿ ಬರೆದರು. ಅದನ್ನು ಓದಿ ಯಾರು ಬೇಕಾದರೂ ಉಪಕರಣವನ್ನು ತಯಾರಿಸಿಕೊಂಡು ತಾವೇ ನೋಡಬಹುದಿತ್ತು. ಬೆಳಕು ಸಾಗಲು ಸಮಯ ಬೇಕು, ಸಾಂದ್ರ ವಸ್ತುವಿನಲ್ಲಿ ಅದು ನಿಧಾನಗೊಳ್ಳುತ್ತದೆ ಎಂಬುದು ಅವರ ಅಭಿಪ್ರಾಯವಾಗಿತ್ತು. ಇಂದು ನಮಗೆ ಗೊತ್ತಿದೆ: ಶೂನ್ಯದಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್, ಗಾಜಿನಲ್ಲಿ ಸುಮಾರು 2 ಲಕ್ಷ. ಗೋಳಾಕಾರದ ಪಾರದರ್ಶಕ ವಸ್ತುವಿನ ಮೂಲಕ ನೋಡಿದರೆ ವಸ್ತು ಹಿಗ್ಗಿ ಕಾಣುವುದನ್ನೂ ಅವರು ವಿವರಿಸಿದರು. ಕನ್ನಡಕಗಳು ಇಟಲಿಯಲ್ಲಿ ಕಾಣಿಸಿಕೊಂಡದ್ದು 13ನೇ ಶತಮಾನದ ಕೊನೆಯಲ್ಲಿ.

ಬೆಳಕು ಗಾಜಿನಿಂದ ಹೊರಬರುವಾಗ ತುಂಬ ಓರೆಯಾಗಿದ್ದರೆ ಹೊರಗೆ ಹೋಗುವುದೇ ಇಲ್ಲ, ಒಳಕ್ಕೇ ಪ್ರತಿಫಲಿಸುತ್ತದೆ. ಇದು ನಿಮ್ಮ ಪಠ್ಯದಲ್ಲಿರುವ ಪೂರ್ಣ ಆಂತರಿಕ ಪ್ರತಿಫಲನ. ಇದರ ಬಲದಿಂದಲೇ ಬೆಳಕು ಗಾಜಿನ ತಂತುವಿನೊಳಗೆ ಕಿಲೋಮೀಟರುಗಟ್ಟಲೆ ಓಡುತ್ತದೆ, ವೈದ್ಯರು ಎಂಡೋಸ್ಕೋಪಿನಿಂದ ರೋಗಿಯ ಜಠರದೊಳಗೆ ನೋಡುತ್ತಾರೆ. ಭಾರತದಲ್ಲಿ ಜನಿಸಿದ ನರೀಂದರ್ ಸಿಂಗ್ ಕಪಾನಿ 1954ರಲ್ಲಿ ತಮ್ಮ ಗುರುವಿನೊಡನೆ ತಂತುಗಳ ಕಟ್ಟಿನ ಮೂಲಕ ಚಿತ್ರ ಕಳುಹಿಸಿದ್ದನ್ನು ಪ್ರಕಟಿಸಿದರು. 1966ರಲ್ಲಿ ಚಾರ್ಲ್ಸ್ ಕಾವ್ ಶುದ್ಧ ಗಾಜಿನಿಂದ ದೂರದ ಸಂಪರ್ಕ ಸಾಧ್ಯವೆಂದು ತೋರಿಸಿ, 2009ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು.

ಕೈಯಿಂದ ಕೈಗೆ

ಈ ಜ್ಞಾನ ಒಬ್ಬರಲ್ಲೇ ನಿಲ್ಲಲಿಲ್ಲ ಎಂಬುದನ್ನು ಗಮನಿಸಿ. ಇಬ್ನುಲ್ ಹೈಸಮ್ ಗ್ರೀಕರಿಂದ ಕಲಿತರು. ಪರ್ಶಿಯಾದ ಕಮಾಲುದ್ದೀನ್ ಅಲ್-ಫಾರಿಸಿ ಅವರ ಗ್ರಂಥಕ್ಕೆ ವ್ಯಾಖ್ಯಾನ ಬರೆದು, 14ನೇ ಶತಮಾನದ ಆರಂಭದಲ್ಲಿ ನೀರು ತುಂಬಿದ ಗಾಜಿನ ಗೋಳವನ್ನು ಮಳೆಹನಿಯೆಂದು ಭಾವಿಸಿ ಪ್ರಯೋಗ ಮಾಡಿ ಕಾಮನಬಿಲ್ಲಿನ ರಹಸ್ಯವನ್ನು ಬಿಡಿಸಿದರು. ಗ್ರಂಥ 1200ರ ಸುಮಾರಿಗೆ ಲ್ಯಾಟಿನ್‌ಗೆ ಅನುವಾದಗೊಂಡಿತು. ರೋಜರ್ ಬೇಕನ್ ಅದನ್ನು ಓದಿದ. 1572ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾಯಿತು.

ಇಬ್ನುಲ್ ಹೈಸಮ್ ಹೇಳಿದ್ದೆಲ್ಲವೂ ಸರಿಯಾಗಿರಲಿಲ್ಲ. ನೋಟದ ಅನುಭವ ಕಣ್ಣಿನ ಮಸೂರದಲ್ಲಿ ಆರಂಭವಾಗುತ್ತದೆಂದು ಅವರು ಭಾವಿಸಿದ್ದರು. ಚಿತ್ರ ಮೂಡುವುದು ಹಿಂದಿನ ಅಕ್ಷಿಪಟಲದ ಮೇಲೆ, ಅದೂ ತಲೆಕೆಳಗಾಗಿ ಎಂದು 1604ರಲ್ಲಿ ಕೆಪ್ಲರ್ ತೋರಿಸಿದ. ಇದರಿಂದ ಅವರ ಗೌರವ ಕುಂದುವುದಿಲ್ಲ. ಅವರು ಟಾಲೆಮಿಯನ್ನು ಪರೀಕ್ಷಿಸಿದಂತೆಯೇ ಕೆಪ್ಲರ್ ಅವರನ್ನು ಪರೀಕ್ಷಿಸಿದ. ಅವರೇ ಬಯಸಿದ್ದ ಕ್ರಮ ಇದು. ಟಾಲೆಮಿಯ ಕುರಿತಾದ ಸಂಶಯಗಳನ್ನು ವಿವರಿಸುವ ಗ್ರಂಥದಲ್ಲಿ ಅವರು, ಸತ್ಯವನ್ನು ಅರಸುವವನು ಹಿಂದಿನವರ ಬರಹವನ್ನು ಕಣ್ಣುಮುಚ್ಚಿ ನಂಬಬಾರದು, ಪ್ರಮಾಣವನ್ನು ಕೇಳಬೇಕು, ತನ್ನ ಸ್ವಂತ ತೀರ್ಮಾನವನ್ನೂ ಶಂಕಿಸಬೇಕು ಎಂಬ ಅರ್ಥದಲ್ಲಿ ಬರೆದಿದ್ದಾರೆ.

ಪ್ರಯೋಗಕ್ಕೆ ಅವರು ಬಳಸಿದ ಅರಬಿ ಪದ ‘ಇಅತಿಬಾರ್’. ಉರ್ದು ಮಾತನಾಡುವ ನಮ್ಮ ಮನೆಗಳಲ್ಲಿ ನಂಬಿಕೆ ಎಂಬ ಅರ್ಥದಲ್ಲಿ ಹೇಳುವ ‘ಏತಬಾರ್’ ಇದೇ ಪದ. ಅವರ ಪಾಲಿಗೆ ಅದು ಪರೀಕ್ಷೆ. ನಮ್ಮ ಪಾಲಿಗೆ ನಂಬಿಕೆ. ಪರೀಕ್ಷಿಸಿದ ಮೇಲೆ ಬರುವ ನಂಬಿಕೆಯೇ ಗಟ್ಟಿ ನಂಬಿಕೆ ಎಂಬ ಪಾಠ ಈ ಒಂದೇ ಪದದಲ್ಲಿದೆ.

ನಮಗೆ ಉಳಿದ ಕರ್ತವ್ಯ

ಚಂದ್ರನ ಮೇಲಿನ ಒಂದು ಕುಳಿಗೆ ಅವರ ಹೆಸರಿದೆ. 2003ರ ಇರಾಕಿನ 10,000 ದಿನಾರ್ ನೋಟಿನ ಮೇಲೆ ಅವರ ಚಿತ್ರ ಬಂತು. ವಿಶ್ವಸಂಸ್ಥೆ 2015ನ್ನು ಅಂತಾರಾಷ್ಟ್ರೀಯ ಬೆಳಕಿನ ವರ್ಷವೆಂದು ಆಚರಿಸಿದಾಗ ಯುನೆಸ್ಕೋ ಅವರ ಸಾಧನೆಯನ್ನು ವಿಶೇಷವಾಗಿ ಸ್ಮರಿಸಿತು. ಇದೆಲ್ಲ ಸಂತೋಷದ ಸಂಗತಿಯೇ. ಆದರೆ ಪೂರ್ವಜರ ಕೀರ್ತಿಯನ್ನು ಹೇಳಿಕೊಂಡು ತೃಪ್ತರಾಗುವ ಸಮುದಾಯಕ್ಕೆ ಆ ಕೀರ್ತಿಯಿಂದ ಹೊಸದೇನೂ ಸಿಗುವುದಿಲ್ಲ.

ವಿದ್ಯಾರ್ಥಿಗಳೇ, ನಿಮ್ಮ ಪ್ರಯೋಗಾಲಯದಲ್ಲಿ ಗಾಜಿನ ಚಪ್ಪಡಿ ಮತ್ತು ಗುಂಡುಸೂಜಿಗಳಿಂದ ವಕ್ರೀಭವನ ಕೋನ ಅಳೆಯುವ ಪ್ರಯೋಗವಿದೆ. ಇಬ್ನುಲ್ ಹೈಸಮ್ ಲೋಹದ ಉಪಕರಣ ಹಿಡಿದು ಮಾಡಿದ್ದು ಇದೇ ಕೆಲಸ. ಅದನ್ನು ಮಾಡದೆ, ಹಿಂದಿನ ವರ್ಷದ ವಿದ್ಯಾರ್ಥಿಯ ರೆಕಾರ್ಡ್ ಪುಸ್ತಕದಿಂದ ಅಂಕಿಗಳನ್ನು ಇಳಿಸಿಕೊಳ್ಳುವವರಿದ್ದಾರೆ. ಅಂಕ ಸಿಗಬಹುದು. ಆದರೆ ಟಾಲೆಮಿಯ ಮಾತನ್ನೂ ಪರೀಕ್ಷಿಸದೆ ಒಪ್ಪದವರ ವಾರಸುದಾರರು ಸಹಪಾಠಿಯ ಅಂಕಿಯನ್ನು ನೋಡದೆ ಒಪ್ಪಬಹುದೇ? ನಿಮ್ಮ ಅಳತೆ ಪುಸ್ತಕದ ಉತ್ತರಕ್ಕಿಂತ ಸ್ವಲ್ಪ ಬೇರೆಯಾಗಿ ಬಂದರೆ ಅದನ್ನು ಅಳಿಸಬೇಡಿ. ಏಕೆ ಹಾಗಾಯಿತೆಂದು ಗುರುಗಳನ್ನು ಕೇಳಿ. ವಿಜ್ಞಾನ ಅಲ್ಲಿಂದ ಆರಂಭವಾಗುತ್ತದೆ.

ಸಂಘದ ಸದಸ್ಯರಲ್ಲೂ ಒಂದು ವಿನಂತಿ. ನಾವು ಕಟ್ಟಡಗಳಿಗಾಗಿ ಉದಾರವಾಗಿ ದೇಣಿಗೆ ಕೊಡುತ್ತೇವೆ. ಪ್ರಯೋಗಾಲಯದ ಬೀಗ ವಾರಕ್ಕೆ ಎಷ್ಟು ಬಾರಿ ತೆರೆಯುತ್ತದೆಂದೂ ವಿಚಾರಿಸೋಣ. ಒಂದು ರಟ್ಟಿನ ಪೆಟ್ಟಿಗೆ, ಒಂದು ಸೂಜಿ, ಒಂದು ಎಣ್ಣೆಕಾಗದ ಇದ್ದರೆ ಐದನೇ ತರಗತಿಯ ಮಗುವೂ ಸೂಜಿರಂಧ್ರ ಕ್ಯಾಮರಾ ಮಾಡಬಹುದು. ಅಂಗಳದ ತೆಂಗಿನಮರ ಎಣ್ಣೆಕಾಗದದ ಮೇಲೆ ತಲೆಕೆಳಗಾಗಿ ಮೂಡಿದ್ದನ್ನು ಕಂಡ ಮಗು ಏಕೆ ಎಂದು ಕೇಳಿಯೇ ಕೇಳುತ್ತದೆ. ಆ ಪ್ರಶ್ನೆಯನ್ನು ಗದರಿಸಿ ಸುಮ್ಮನಾಗಿಸದಿರುವುದೇ ನಾವು ಇಬ್ನುಲ್ ಹೈಸಮ್ ಅವರಿಗೆ ಸಲ್ಲಿಸಬಹುದಾದ ಗೌರವ.

ಆಕಾಶ ಭೂಮಿಗಳ ಸೃಷ್ಟಿಯ ಕುರಿತು ಚಿಂತಿಸಲು ಪವಿತ್ರ ಕುರ್‌ಆನ್ ಮತ್ತೆ ಮತ್ತೆ ಕರೆ ನೀಡುತ್ತದೆ. ಆ ಕರೆಗೆ ಓಗೊಟ್ಟು ನೋಡುವ, ಪರೀಕ್ಷಿಸುವ, ಪ್ರಶ್ನಿಸುವ ಶಕ್ತಿಯನ್ನೂ ಪ್ರಯೋಜನಕಾರಿಯಾದ ಜ್ಞಾನವನ್ನೂ ಅಲ್ಲಾಹನು ನಮ್ಮ ಮಕ್ಕಳಿಗೆ ಕರುಣಿಸಲಿ. ಆಮೀನ್.